ಗೆರೆಯ ಸಾಕ್ಷಿ

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡು ಕೆಲಸಗಳಿಗೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ಅದು ಸಹಜವಾಗಿಯೇ ಇದೆ. ಇಂದು ಕಣ್ಣಿಗೆ ಕಂಡದ್ದನ್ನು ನಾಳೆಯವರಿಗಾಗಿ ಉಳಿಸಿಡುವುದು ಎರಡರ ಉದ್ದೇಶವೂ ಹೌದು. ಆದರೆ ಅಕ್ಷರವನ್ನು ಎಲ್ಲರೂ ಕಲಿಯಬೇಕು, ಚಿತ್ರವನ್ನು ಮಾತ್ರ ಕಲಾವಿದರು ಕಲಿತರೆ ಸಾಕು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲ. ಕಲಾವಿದನೆಂಬ ಹೆಸರಿಲ್ಲದ ಒಬ್ಬ ಅಧಿಕಾರಿ ತಿಳಿವಿನ ಹಂಬಲದಿಂದ ಎಳೆದ ಗೆರೆಗಳು, ಅವನು ಬರೆದ ಸಿದ್ಧಾಂತಗಳಿಗಿಂತಲೂ ಹೆಚ್ಚು ಕಾಲ ಬಾಳಿದವು. ಆ ಕಥೆ ನಡೆದದ್ದು ದೂರದೇಶದಲ್ಲಿ ಅಲ್ಲ, ಕೃಷ್ಣೆ ಭೀಮೆಯರ ನಡುವಿನ ನಮ್ಮ ನೆಲದಲ್ಲಿಯೇ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಇವೆಲ್ಲವೂ ಈ ಎರಡು ನದಿಗಳ ನಡುವೆ ಹರಡಿರುವ ಸೀಮೆಗಳು. ಸಿಂದಗಿಯಿಂದ ಪೂರ್ವಕ್ಕೆ ಹೊರಟರೆ ಜೇವರ್ಗಿಯ ಬಯಲು ಎದುರಾಗುತ್ತದೆ. ಮುದ್ದೇಬಿಹಾಳ, ತಾಳಿಕೋಟೆಗಳನ್ನು ದಾಟಿದರೆ ಹುಣಸಗಿ, ಸುರಪುರಗಳ ಕಲ್ಲುಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಈ ಬಯಲಿನಲ್ಲಿಯೂ ಗುಡ್ಡಗಳ ಮಗ್ಗುಲಿನಲ್ಲಿಯೂ ಅಲ್ಲಲ್ಲಿ ವಿಚಿತ್ರವಾದ ಕಲ್ಲುಗಳಿವೆ. ಕೆಲವೆಡೆ ದೊಡ್ಡ ಗುಂಡುಗಳನ್ನು ವೃತ್ತಾಕಾರವಾಗಿ ಇಟ್ಟಿದ್ದಾರೆ. ಒಳಗೆ ಮಣ್ಣು ಕಲ್ಲುಗಳ ದಿಬ್ಬವಿದೆ. ಹುಣಸಗಿಯ ಕಡೆಯ ರಾಜನಕೋಳೂರಿನಲ್ಲಿ ಹಾಸುಗಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿ ಮಾಡಿದ ಪುಟ್ಟ ಮನೆಗಳಿವೆ. ಕೆಲವಕ್ಕೆ ಒಂದು ಪಕ್ಕ ತೆರೆದಿದೆ. ಕೆಲವಕ್ಕೆ ನಾಲ್ಕೂ ಪಕ್ಕ ಮುಚ್ಚಿದ್ದು, ಒಂದು ಕಲ್ಲಿನಲ್ಲಿ ದುಂಡನೆಯ ಕಂಡಿಯನ್ನು ಕೊರೆದಿದ್ದಾರೆ. ಹಳ್ಳಿಗರು ಇವನ್ನು ಮೋರೇರ ಮನೆಗಳೆಂದು ಕರೆಯುತ್ತಾರೆ. ಹಿಂದೊಂದು ಕಾಲದಲ್ಲಿ ಗೇಣುಗಳಲ್ಲಿ ಅಳೆಯುವಷ್ಟು ಗಿಡ್ಡರಾದ ಜನ ಇಲ್ಲಿ ವಾಸವಾಗಿದ್ದರೆಂದೂ, ಇವು ಅವರು ಕಟ್ಟಿಕೊಂಡ ಮನೆಗಳೆಂದೂ ಅವರ ನಂಬಿಕೆ. ಶತಮಾನಗಳಿಂದ ಕುರಿ ಕಾಯುವವರೂ ಹೊಲ ಉಳುವವರೂ ಈ ಕಲ್ಲುಗಳನ್ನು ನೋಡುತ್ತಲೇ ಬಂದಿದ್ದರು. ಆದರೆ ಅವನ್ನು ಅಳೆದು, ಬರೆದು, ಲೋಕದ ವಿದ್ವಾಂಸರ ಮುಂದೆ ಇಟ್ಟ ಮೊದಲಿಗರಲ್ಲಿ ಪ್ರಮುಖನಾದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ಹದಿನೈದರ ಹರೆಯದಲ್ಲಿಯೇ, 1824ರಲ್ಲಿ, ಒಬ್ಬ ವ್ಯಾಪಾರಿಯ ಬಳಿ ಕೆಲಸ ದೊರೆಯುವುದೆಂಬ ಭರವಸೆಯಿಂದ ಮುಂಬಯಿಗೆ ಬಂದಿಳಿದನು. ಆ ಭರವಸೆ ಹುಸಿಯಾಯಿತು. ಬಂಧುಗಳ ನೆರವಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೆ ಸ್ಥಾನ ದೊರೆಯಿತು. ಕಾಲೇಜಿನ ಮೆಟ್ಟಿಲನ್ನು ಹತ್ತುವ ಯೋಗ ಅವನಿಗೆ ಬರಲಿಲ್ಲ. ಭಾಷೆ, ಕಾನೂನು, ಭೂಮಾಪನ, ಕಟ್ಟಡವಿದ್ಯೆ, ಭೂವಿಜ್ಞಾನ ಎಲ್ಲವನ್ನೂ ಕೆಲಸ ಮಾಡುತ್ತಲೇ, ಸ್ವಂತ ಪ್ರಯತ್ನದಿಂದಲೇ ಕಲಿತುಕೊಂಡನು. 1841ರಲ್ಲಿ ಅವನನ್ನು ಸುರಪುರ ಸಂಸ್ಥಾನಕ್ಕೆ ಕಳುಹಿಸಿದರು. ಅಲ್ಲಿಯ ನಾಯಕ ಮನೆತನದ ಅರಸು ಇನ್ನೂ ಬಾಲಕನಾಗಿದ್ದನು. ಟೇಲರನು 1853ರವರೆಗೆ ಅಲ್ಲಿದ್ದು ಆಡಳಿತವನ್ನು ನೋಡಿಕೊಂಡನು, ಕೆರೆಗಳನ್ನು ಸುಧಾರಿಸಿದನು. ಬೋನಾಳದ ಕೆರೆ ಅವನ ಕಾಲದಲ್ಲಿ ಅಭಿವೃದ್ಧಿ ಹೊಂದಿತು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಯನ್ನು ಸುರಪುರದ ಜನ ‘ಟೇಲರ್ ಮಂಜಿಲ್’ ಎಂದು ಕರೆಯುತ್ತಾರೆ. ಅವನು ಪರಕೀಯರ ಆಳ್ವಿಕೆಯ ಒಬ್ಬ ಅಧಿಕಾರಿಯೆಂಬುದನ್ನು ಮರೆಯುವಂತಿಲ್ಲ. ಅವನು ಬೆಳೆಸಿದ ಬಾಲಕನೇ ಮುಂದೆ ರಾಜಾ ವೆಂಕಟಪ್ಪ ನಾಯಕನಾಗಿ ಬ್ರಿಟಿಷರ ವಿರುದ್ಧ ಎದ್ದುನಿಂತು, 1858ರಲ್ಲಿ ಸೆರೆಯಲ್ಲಿದ್ದಾಗ ಮರಣ ಹೊಂದಿದನೆಂಬುದು ಈ ಭಾಗದ ಇತಿಹಾಸದ ಒಂದು ದುಃಖದ ಅಧ್ಯಾಯ.

ಟೇಲರನ ಹೆಸರನ್ನು ಇಂದು ಹೆಚ್ಚಿನವರು ಬಲ್ಲದ್ದು ಕಾದಂಬರಿಕಾರನೆಂದು. ಠಕ್ಕರ ಜೀವನವನ್ನು ಕುರಿತು 1839ರಲ್ಲಿ ಅವನು ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಬಹಳ ಪ್ರಸಿದ್ಧವಾಯಿತು. ಆದರೆ ಅದಕ್ಕೂ ಮೊದಲು, 1837ರಲ್ಲಿ, ಲಂಡನ್ನಿನಿಂದ ಅವನ ಇನ್ನೊಂದು ಪುಸ್ತಕ ಹೊರಬಂದಿತ್ತು. ಅದು ಚಿತ್ರಗಳ ಪುಸ್ತಕ. ದಖ್ಖನದಲ್ಲಿ ಸಂಚರಿಸುವಾಗ ಅವನು ಬರೆದಿಟ್ಟುಕೊಂಡಿದ್ದ ನೋಟಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಅವನಿಗೆ ಚಿತ್ರಕಲೆ ಜೀವನೋಪಾಯವಾಗಿರಲಿಲ್ಲ. ಬಿಡುವಿನ ವೇಳೆಯ ಪ್ರೀತಿಯ ಹವ್ಯಾಸ ಅಷ್ಟೆ. ಆದರೆ ಹವ್ಯಾಸವೂ ನಿತ್ಯದ ಅಭ್ಯಾಸವಾದಾಗ ಕಣ್ಣನ್ನು ತಿದ್ದುತ್ತದೆ. ಚಿತ್ರ ಬರೆಯುವವನು ‘ಒಂದು ಮರವಿದೆ’ ಎಂದು ನೋಡಿ ಮುಂದೆ ಹೋಗಲಾರನು. ಕೊಂಬೆ ಎಲ್ಲಿ ಒಡೆಯಿತು, ಯಾವ ಕಡೆಗೆ ಬಾಗಿತು, ಬುಡ ಎಷ್ಟು ದಪ್ಪ ಎಂಬುದನ್ನೆಲ್ಲ ಅವನು ನೋಡಲೇಬೇಕು. ಹೀಗೆ ಹದಗೊಂಡ ಕಣ್ಣು ಮುಂದೆ ಟೇಲರನಿಗೆ ಬೇರೊಂದು ಕೆಲಸದಲ್ಲಿ ನೆರವಿಗೆ ಬಂದಿತು.

ಜೇವರ್ಗಿಯ ಬಳಿಯ ಕಲ್ಲುವೃತ್ತಗಳನ್ನು ಕಂಡಾಗ ಅವುಗಳೊಳಗೆ ಏನಿದೆಯೆಂದು ತಿಳಿಯುವ ಕುತೂಹಲ ಅವನಲ್ಲಿ ಹುಟ್ಟಿತು. ಕೆಲವನ್ನು ಅಗೆಯಿಸಿದನು. ಅವು ಗೋರಿಗಳಾಗಿದ್ದವು. ಮೇಲಿನ ಕಲ್ಲುಮಣ್ಣನ್ನು ತೆಗೆದು ಆಳಕ್ಕೆ ಇಳಿದಾಗ ಹಾಸುಗಲ್ಲುಗಳಿಂದ ಮಾಡಿದ ಪೆಟ್ಟಿಗೆಗಳು, ಅವುಗಳಲ್ಲಿ ಮನುಷ್ಯರ ಅಸ್ಥಿಪಂಜರಗಳು, ಮಣ್ಣಿನ ಮಡಕೆಗಳು, ಕಬ್ಬಿಣದ ಭರ್ಜಿಯ ಮೊನೆಗಳು ಕಾಣಿಸಿದವು. ಕೆಲವೆಡೆ ಪೆಟ್ಟಿಗೆಯ ಹೊರಗೆ, ಮೇಲ್ಭಾಗದ ಮಣ್ಣಿನಲ್ಲಿಯೂ ಅಸ್ಥಿಪಂಜರಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ತಲೆಯು ದೇಹದಿಂದ ಬೇರೆಯಾಗಿತ್ತು.

ಆ ಕಾಲದಲ್ಲಿ ಹಳೆಯ ಗೋರಿಗಳನ್ನು ಅಗೆಯುವುದು ಹೊಸ ಸಂಗತಿಯೇನೂ ಆಗಿರಲಿಲ್ಲ. ಆದರೆ ಅಗೆಯುವವರಲ್ಲಿ ಬಹುಮಂದಿಗೆ ಬೇಕಾಗಿದ್ದುದು ಒಳಗಿನ ವಸ್ತು ಮಾತ್ರ. ಮಡಕೆಯನ್ನೋ ಆಯುಧವನ್ನೋ ಎತ್ತಿಕೊಂಡು ಉಳಿದುದನ್ನು ಚೆಲ್ಲಾಪಿಲ್ಲಿ ಮಾಡಿ ಹೊರಟುಹೋಗುತ್ತಿದ್ದರು. ಇದರಿಂದ ಆಗುವ ಹಾನಿ ದೊಡ್ಡದು. ಹಂತಿ ಕಟ್ಟಿ ರಾಶಿ ಮಾಡಿದ ಮೇಲೆ ಕಣದಲ್ಲಿ ಜೋಳದ ಕಾಳು ಸಿಗುತ್ತದೆಯೇ ಹೊರತು, ಹೊಲದಲ್ಲಿ ಯಾವ ದಂಟು ಎಲ್ಲಿ ನಿಂತಿತ್ತೆಂಬುದು ತಿಳಿಯುವುದಿಲ್ಲ. ಹಾಗೆಯೇ ಒಮ್ಮೆ ಅಗೆದ ಗೋರಿಯನ್ನು ಮತ್ತೆ ಮೊದಲಿನಂತೆ ಮಾಡಿ ಇನ್ನೊಮ್ಮೆ ಅಗೆಯುವುದು ಸಾಧ್ಯವಿಲ್ಲ. ಯಾವ ವಸ್ತುವಿನ ಮೇಲೆ ಯಾವುದಿತ್ತು, ತಲೆ ಯಾವ ದಿಕ್ಕಿಗಿತ್ತು, ಮಡಕೆ ಕಾಲಿನ ಬಳಿ ಇತ್ತೇ ತಲೆಯ ಬಳಿ ಇತ್ತೇ ಎಂಬ ವಿಷಯಗಳೆಲ್ಲ ಗುದ್ದಲಿಯ ಏಟಿನೊಂದಿಗೆ ಅಳಿದುಹೋಗುತ್ತವೆ. ಅಗೆಯುವವನು ಒಂದು ಸಾಕ್ಷ್ಯವನ್ನು ಹೊರತೆಗೆಯುವಾಗಲೇ ಇನ್ನೊಂದನ್ನು ನಾಶಮಾಡುತ್ತಾನೆ. ಅದನ್ನು ಉಳಿಸುವ ದಾರಿ ಆಗ ಒಂದೇ ಇತ್ತು. ಅಳೆದು ಚಿತ್ರ ಬರೆಯುವುದು. ಕ್ಯಾಮೆರಾ ಇನ್ನೂ ನಮ್ಮ ಹಳ್ಳಿಗಳನ್ನು ತಲುಪಿರಲಿಲ್ಲ.

ಟೇಲರನು ಅದನ್ನೇ ಮಾಡಿದನು. ಗೋರಿಯ ಮೇಲ್ನೋಟವನ್ನಷ್ಟೇ ಅಲ್ಲದೆ, ಅದನ್ನು ಮೇಲಿನಿಂದ ಕೆಳಗೆ ಸೀಳಿದರೆ ಹೇಗೆ ಕಾಣುವುದೋ ಆ ನೋಟವನ್ನೂ ಬರೆದನು. ಇದಕ್ಕೆ ಸೀಳುನೋಟವೆನ್ನಬಹುದು. ಇದರ ಮಹತ್ವ ಎರೆಭೂಮಿಯ ಮಕ್ಕಳಿಗೆ ಸುಲಭವಾಗಿ ತಿಳಿಯುತ್ತದೆ. ಇಂಡಿಯ ಕಡೆ ಹೊಸ ಬಾವಿಯನ್ನು ತೋಡುವಾಗ ಅದರ ಅಂಚಿನಲ್ಲಿ ನಿಂತು ಒಳಗೋಡೆಯನ್ನು ನೋಡಿದರೆ ಮೇಲೆ ಕಪ್ಪು ಎರೆಮಣ್ಣು, ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು, ಆಮೇಲೆ ಗರಸು, ಕೊನೆಗೆ ಕರಿಕಲ್ಲು ಹೀಗೆ ಪದರಪದರವಾಗಿ ಕಾಣುತ್ತದೆ. ಭೂಮಿಯ ಮೇಲೆ ನಿಂತವನಿಗೆ ಎರೆಮಣ್ಣು ಮಾತ್ರ ಕಂಡೀತು. ಬಾವಿಯ ಗೋಡೆಯನ್ನು ನೋಡಿದವನಿಗೆ ಭೂಮಿಯ ಕಥೆಯೇ ಕಂಡೀತು. ಟೇಲರನ ಸೀಳುನೋಟಗಳಲ್ಲಿ ಮಣ್ಣಿನ ಪದರಗಳು, ಕಲ್ಲಿನ ಪೆಟ್ಟಿಗೆ, ಅಸ್ಥಿಪಂಜರಗಳು, ಮಡಕೆಗಳು ತಮ್ಮ ತಮ್ಮ ಜಾಗದಲ್ಲಿ ಅಳತೆಗೆ ತಕ್ಕಂತೆ ಕಾಣುತ್ತವೆ. ಅವನು ಚಿತ್ರವನ್ನು ಅಂದಗೊಳಿಸಲು ಹೋಗಲಿಲ್ಲ. ಕಲ್ಲು ಓರೆಯಾಗಿದ್ದರೆ ಓರೆಯಾಗಿಯೇ ಬರೆದನು.

ಈ ಶೋಧಗಳನ್ನು ಕುರಿತ ಲೇಖನಗಳು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ಅವನು ನಿವೃತ್ತನಾಗಿ ಹಿಂದಿರುಗಿದ ಮೇಲೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟವಾದವು. ಅವುಗಳಲ್ಲಿ ಎರಡು ಭಾಗಗಳಿವೆಯೆನ್ನಬಹುದು. ಒಂದು, ಅವನು ಕಂಡದ್ದು. ಇನ್ನೊಂದು, ಅದರಿಂದ ಅವನು ಊಹಿಸಿದ್ದು. ಯೂರೋಪಿನಲ್ಲಿಯೂ ಇಂತಹ ಕಲ್ಲುವೃತ್ತಗಳೂ ಕಲ್ಲುಮನೆಗಳೂ ಇವೆ. ದಖ್ಖನದ ಗೋರಿಗಳು ಅವನ್ನು ಬಹಳವಾಗಿ ಹೋಲುವುದನ್ನು ಕಂಡು ಟೇಲರನು ಬೆರಗಾದನು. ಎರಡನ್ನೂ ಕಟ್ಟಿದವರು ಒಂದೇ ಮೂಲದ ಜನರಿರಬೇಕು, ಕೆಲ್ಟರೋ ಸಿಥಿಯನ್ನರೋ ಇಲ್ಲಿಗೂ ಬಂದಿರಬೇಕು ಎಂದು ತೀರ್ಮಾನಿಸಿದನು. ತಲೆ ಬೇರ್ಪಟ್ಟ ಅಸ್ಥಿಪಂಜರಗಳು ನರಬಲಿಯ ಗುರುತುಗಳೆಂದು ಭಾವಿಸಿದನು.

ಕಾಲ ಕಳೆದಂತೆ ಈ ತೀರ್ಮಾನ ನಿಲ್ಲಲಿಲ್ಲ. ಎರಡು ದೇಶಗಳ ಜನ ಒಬ್ಬರನ್ನೊಬ್ಬರು ಅರಿಯದೆಯೂ ಒಂದೇ ಬಗೆಯ ಗೋರಿಯನ್ನು ಕಟ್ಟಬಲ್ಲರು. ದಕ್ಷಿಣ ಭಾರತದ ಈ ಬೃಹತ್ ಶಿಲಾಗೋರಿಗಳು ಕಬ್ಬಿಣದ ಬಳಕೆಯನ್ನು ಅರಿತಿದ್ದ, ಇಲ್ಲಿಯೇ ಬಾಳಿ ಬದುಕಿದ ಜನರವೆಂದು ಈಗ ವಿದ್ವಾಂಸರು ತಿಳಿಯುತ್ತಾರೆ. ಟೇಲರನ ಸಿದ್ಧಾಂತವನ್ನು ಇಂದು ಯಾರೂ ಒಪ್ಪುವುದಿಲ್ಲ. ಹಾಗಾದರೆ ಅವನ ಶ್ರಮವೆಲ್ಲ ವ್ಯರ್ಥವಾಯಿತೆ? ಇಲ್ಲ. ಅವನ ಚಿತ್ರಗಳು ಉಳಿದವು. 1941ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು ಅವನ ಲೇಖನಗಳನ್ನು ಒಟ್ಟುಗೂಡಿಸಿ ಪುನಃ ಮುದ್ರಿಸಿತು. ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಮಾರ್ಟಿಮರ್ ವ್ಹೀಲರನು, ನೂರು ವರ್ಷಗಳ ಹಿಂದೆಯೇ ಇಷ್ಟು ಎಚ್ಚರದಿಂದ ಬರೆದ ಸೀಳುನೋಟಗಳನ್ನು ಕಂಡು ಮೆಚ್ಚಿಕೊಂಡನು. ಅಗೆಯುವ ಕೆಲಸದಲ್ಲಿ ಪದರಗಳನ್ನು ಗುರುತಿಸಿ ಚಿತ್ರಿಸುವುದನ್ನು ಕಟ್ಟುನಿಟ್ಟಾದ ಕ್ರಮವನ್ನಾಗಿ ಮಾಡಿದವನು ವ್ಹೀಲರ್. ಅಂಥವನ ಮೆಚ್ಚುಗೆ ಸಣ್ಣದಲ್ಲ.

ಈ ವ್ಹೀಲರನೇ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದನು. ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದವರ ಕಾಲ, ಶಿಲಾಗೋರಿಗಳ ಕಾಲ, ಸಾತವಾಹನರ ಕಾಲ ಒಂದರ ಮೇಲೊಂದು ಪದರವಾಗಿ ಬಂದಿರುವುದನ್ನು ತೋರಿಸಿಕೊಟ್ಟನು. ಗೋರಿಗಳ ಕಾಲವನ್ನು ಅವನು ಕ್ರಿಸ್ತಶಕದ ಹತ್ತಿರಕ್ಕೆ ಇಟ್ಟಿದ್ದನು. ಆಮೇಲಿನ ಸಂಶೋಧನೆಗಳು ಅವುಗಳ ಆರಂಭವನ್ನು ಇನ್ನೂ ನೂರಾರು ವರ್ಷ ಹಿಂದಕ್ಕೆ ಒಯ್ದಿವೆ. ವ್ಹೀಲರನ ಕಾಲನಿರ್ಣಯ ಬದಲಾಯಿತು. ಅವನು ತೋರಿಸಿದ ಪದರಗಳ ಕ್ರಮ ಉಳಿಯಿತು. ದೊಡ್ಡವರ ಊಹೆಗೂ ಆಯುಷ್ಯದ ಮಿತಿಯುಂಟು. ಪ್ರಾಮಾಣಿಕವಾಗಿ ದಾಖಲಿಸಿದ ನೋಟಕ್ಕೆ ಅಂಥ ಮಿತಿಯಿಲ್ಲ. ಅದನ್ನು ಮುಂದಿನವರು ಹೊಸ ತಿಳಿವಿನ ಬೆಳಕಿನಲ್ಲಿ ಮತ್ತೆ ಓದಬಲ್ಲರು.

ಇದು ಗೋರಿಗಳಿಗೆ ಮಾತ್ರ ಸಲ್ಲುವ ಮಾತಲ್ಲ, ಬದುಕಿರುವ ಊರುಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಜಪಾನಿನಿಂದ ಒಂದು ನಿದರ್ಶನ ದೊರೆಯುತ್ತದೆ. ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ 1877ರಲ್ಲಿ ಸಮುದ್ರದ ಚಿಪ್ಪುಜೀವಿಗಳನ್ನು ಅಭ್ಯಸಿಸಲು ಜಪಾನಿಗೆ ಹೋದನು. ಅವನು ತರುಣನಾಗಿದ್ದಾಗ ರೈಲು ಇಂಜಿನುಗಳ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದ್ದವನು. ಎರಡೂ ಕೈಗಳಿಂದ ಏಕಕಾಲದಲ್ಲಿ ಕಪ್ಪುಹಲಗೆಯ ಮೇಲೆ ಚಿತ್ರ ಬರೆಯಬಲ್ಲವನಾಗಿದ್ದನು. ಯೊಕೊಹಾಮಾದಿಂದ ಟೋಕಿಯೋಗೆ ರೈಲಿನಲ್ಲಿ ಹೋಗುವಾಗ ಓಮೋರಿ ಎಂಬಲ್ಲಿ ಹಳಿಯ ಪಕ್ಕದ ದಿಬ್ಬದಲ್ಲಿ ಚಿಪ್ಪುಗಳ ಪದರವನ್ನು ಕಿಟಕಿಯಿಂದಲೇ ಗುರುತಿಸಿದನು. ಅದನ್ನು ಅಗೆದಾಗ ಪ್ರಾಚೀನ ಜನರ ಮಡಕೆಗಳು ದೊರೆತವು. ಹುರಿಯನ್ನು ಒತ್ತಿ ಮೂಡಿಸಿದ ಗುರುತುಗಳು ಅವುಗಳ ಮೇಲಿದ್ದವು. ಆ ಯುಗಕ್ಕೆ ಜಪಾನೀಯರು ಈಗ ಕೊಡುವ ‘ಜೋಮೋನ್’ ಎಂಬ ಹೆಸರಿಗೆ ಹುರಿಯ ಗುರುತು ಎಂದೇ ಅರ್ಥ.

ಆದರೆ ಮೋರ್ಸನ ಕಣ್ಣು ಹಳೆಯದರ ಮೇಲಷ್ಟೇ ನಿಲ್ಲಲಿಲ್ಲ. ಹಳ್ಳಿಯ ಮನೆಯ ಹುಲ್ಲಿನ ಮಾಡು, ಅದರ ನೆತ್ತಿಯನ್ನು ಕಟ್ಟುವ ಬಗೆ, ಅಡುಗೆಯ ಒಲೆ, ಬಾವಿ, ನೀರಿನ ತೊಟ್ಟಿ, ಬೇಲಿ, ಬಾಗಿಲಿನ ಅಗುಳಿ, ಬಡಗಿಯ ಉಪಕರಣಗಳು ಎಲ್ಲವನ್ನೂ ಬರೆದುಕೊಂಡನು. ಜಪಾನು ಆಗ ಪಶ್ಚಿಮದ ರೀತಿನೀತಿಗಳನ್ನು ವೇಗವಾಗಿ ಅನುಸರಿಸುತ್ತಿದ್ದಿತು. ದೇವಾಲಯಗಳನ್ನೂ ಅರಮನೆಗಳನ್ನೂ ಉಳಿಸಿಕೊಳ್ಳಲು ಜನರಿರುತ್ತಾರೆ, ಒಲೆಯನ್ನು ಯಾರು ಉಳಿಸುತ್ತಾರೆ? ದಿನವೂ ಬಳಸುವ ವಸ್ತು ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಅದನ್ನು ದಾಖಲಿಸುವುದಿಲ್ಲ. ಯಾರೂ ದಾಖಲಿಸದಿರುವುದರಿಂದಲೇ ಎಲ್ಲಕ್ಕಿಂತ ಮೊದಲು ಅದು ಮರೆತುಹೋಗುತ್ತದೆ. ಜಪಾನಿನ ಮನೆಗಳನ್ನು ಕುರಿತು 1886ರಲ್ಲಿ ಬಂದ ಅವನ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. 1917ರಲ್ಲಿ ಪ್ರಕಟವಾದ ದಿನಚರಿಯ ಎರಡು ಸಂಪುಟಗಳಲ್ಲಿ 777 ಚಿತ್ರಗಳಿವೆ. ಜಪಾನೀಯರು ತಮ್ಮ ಅಜ್ಜ ಅಜ್ಜಿಯರ ಬದುಕನ್ನು ತಿಳಿಯಲು ಇಂದು ಈ ಹೊರಗಿನವನ ಗೆರೆಗಳನ್ನೂ ಆಶ್ರಯಿಸುತ್ತಾರೆ. ಮೋರ್ಸನ ಊಹೆಗಳೂ ಎಲ್ಲವೂ ನಿಲ್ಲಲಿಲ್ಲ. ಓಮೋರಿಯ ಪ್ರಾಚೀನರು ನರಭಕ್ಷಕರಾಗಿದ್ದರೆಂಬ ಅವನ ಅಭಿಪ್ರಾಯ ವಾದಕ್ಕೆ ಗುರಿಯಾಯಿತು. ಆದರೆ ಅವನು ಬರೆದ ಬಾವಿಯ ರಾಟೆ ಮಾತ್ರ ವಾದಕ್ಕೆ ಸಿಲುಕದೆ ಹಾಗೆಯೇ ಉಳಿದಿದೆ.

ನಮ್ಮ ನಾಡಿನ ಸ್ಥಿತಿಯನ್ನು ಈಗ ನೋಡಬೇಕು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಜೋಡಿಸಿದ ಒಂದು ಬಯಲಿದೆ. ಟೇಲರನು ಅದನ್ನೂ ವರ್ಣಿಸಿದ್ದಾನೆ. ಆ ಸಾಲುಗಳಿಗೂ ಸೂರ್ಯನು ಹುಟ್ಟುವ ದಿಕ್ಕಿಗೂ ಸಂಬಂಧವಿದೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಇಂತಹ ಪರೀಕ್ಷೆಗೆ ಪ್ರತಿಯೊಂದು ಕಲ್ಲೂ ತನ್ನ ಮೂಲ ಜಾಗದಲ್ಲಿರಬೇಕು. ಒಂದು ಕಲ್ಲನ್ನು ಬದಿಗೆ ಉರುಳಿಸಿದರೂ ಸಾಲಿನ ಒಂದು ಅಕ್ಷರ ಅಳಿಸಿದಂತೆ. ಆದರೆ ಉಳುಮೆ, ರಸ್ತೆ, ಜಲ್ಲಿ ಒಡೆಯುವ ಕೆಲಸಗಳಿಂದ ಇಂಥ ನೆಲೆಗಳಲ್ಲಿ ಎಷ್ಟೋ ಕಲ್ಲುಗಳು ಕದಲಿಹೋಗಿವೆ. ಕದಲಿದ ಮೇಲೆ ಹಳೆಯ ವರ್ಣನೆಯೂ ನಕ್ಷೆಯೂ ಮಾತ್ರ ಆಧಾರ.

ಕಲ್ಲುಗಳ ಪಾಡೇ ಹೀಗಾದರೆ ಮಣ್ಣಿನ ಮನೆಗಳ ಪಾಡನ್ನು ಹೇಳಬೇಕಾಗಿಲ್ಲ. ಬಸವನ ಬಾಗೇವಾಡಿಯ ದಕ್ಷಿಣಕ್ಕಿರುವ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಬಯಲುಸೀಮೆಗೆ ನೀರು ಬಂದಿತು, ಬೆಳಕು ಬಂದಿತು. ಅದರ ಜೊತೆಗೆ ನದಿಯ ದಂಡೆಯ ಅನೇಕ ಊರುಗಳು ನೀರಿನಡಿ ಸೇರಿದವು. ಜನರು ಬೇರೆಡೆ ಹೊಸ ಮನೆಗಳನ್ನು ಕಟ್ಟಿಕೊಂಡರು. ಹಳೆಯ ಮಾಳಿಗೆಯ ಮನೆ, ಅದರ ಬೆಳಕಿಂಡಿ, ಪಡಸಾಲೆಗಿಂತ ಕೆಳಮಟ್ಟದಲ್ಲಿದ್ದ ದನಗಳ ಗೋದಲಿ ಇವು ಮರಳಿ ಬರಲಿಲ್ಲ. ಮುಳುಗದ ಊರುಗಳಲ್ಲಿಯೂ ಬದಲಾವಣೆ ನಡೆದೇ ಇದೆ. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದ ನೆಲದೊಳಗಿನ ಹಗೇವುಗಳನ್ನು ಎಷ್ಟೋ ಕಡೆ ಮುಚ್ಚಿದ್ದಾರೆ. ಬಿತ್ತುವ ಕೂರಿಗೆಯ ಜಾಗಕ್ಕೆ ಯಂತ್ರ ಬಂದಿದೆ. ಇದು ತಪ್ಪೆಂದು ಹೇಳುವಂತಿಲ್ಲ. ರೈತನ ಬೆನ್ನಿನ ನೋವು ಕಡಿಮೆಯಾಗುವುದಾದರೆ ಹಳೆಯದು ಹೋಗಲಿ. ಆದರೆ ಹೋಗುವ ಮುನ್ನ ಅದರ ರೂಪವನ್ನು ಯಾರಾದರೂ ಬರೆದಿಡಬೇಕು. ಹಗೇವಿನ ಬಾಯಿ ಎಷ್ಟು ಅಗಲ, ಹೊಟ್ಟೆ ಎಷ್ಟು ಆಳ, ಒಳಗೋಡೆಗೆ ಏನನ್ನು ಮೆತ್ತುತ್ತಿದ್ದರು ಎಂಬುದನ್ನು ಒಂದು ಸೀಳುನೋಟ ತೋರಿಸುವಷ್ಟು ಸ್ಪಷ್ಟವಾಗಿ ಹತ್ತು ಪುಟದ ವರ್ಣನೆಯೂ ತೋರಿಸಲಾರದು.

ಈಗ ಎಲ್ಲರ ಕೈಯಲ್ಲಿಯೂ ಕ್ಯಾಮೆರಾ ಇರುವಾಗ ಗೆರೆ ಏಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಛಾಯಾಚಿತ್ರ ಅಮೂಲ್ಯವಾದುದು. ಆದರೆ ಅದು ಎದುರಿಗಿರುವ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಹಿಡಿದುಬಿಡುತ್ತದೆ. ತೆಗೆದವನು ನೋಡಿದ್ದಾನೆಂಬ ಖಾತರಿ ಅದರಲ್ಲಿಲ್ಲ. ಕೂರಿಗೆಯ ಚಿತ್ರವನ್ನು ಬರೆಯುವವನು ಬಟ್ಟಲಿನಿಂದ ಕಾಳು ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ಅರಿಯದೆ ಒಂದು ಗೆರೆಯನ್ನೂ ಎಳೆಯಲಾರನು. ಅರಿಯದಿದ್ದರೆ ಅಜ್ಜನನ್ನು ಕೇಳಬೇಕಾಗುತ್ತದೆ. ಕೇಳಿದಾಗ ಪ್ರತಿಯೊಂದು ಭಾಗದ ಹೆಸರೂ ದೊರೆಯುತ್ತದೆ, ವಸ್ತುವಿನ ಜೊತೆಗೆ ಮಾತೂ ಉಳಿಯುತ್ತದೆ.

ಇದಕ್ಕೆ ದುಬಾರಿ ಸಾಮಗ್ರಿ ಬೇಕಾಗಿಲ್ಲ. ಒಂದು ಸೀಸದಕಡ್ಡಿ, ಒಂದು ಅಳತೆಯ ಪಟ್ಟಿ, ಒಂದು ನೋಟುಪುಸ್ತಕ ಸಾಕು. ವಸ್ತುವನ್ನು ಮೊದಲು ಅಳೆಯಬೇಕು. ಅಳತೆಯನ್ನು ಚಿತ್ರದ ಪಕ್ಕದಲ್ಲಿಯೇ ಬರೆಯಬೇಕು. ಊರು, ದಿನಾಂಕಗಳನ್ನು ಮರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ಒಂದು ಕಡೆಯೂ ಅದರ ಬಗ್ಗೆ ತೋಚಿದ್ದನ್ನು ಇನ್ನೊಂದು ಕಡೆಯೂ ಇಡಬೇಕು. ಎರಡನ್ನೂ ಬೆರೆಸಿದರೆ ಮುಂದೆ ಓದುವವನಿಗೆ ಯಾವುದು ಸಾಕ್ಷ್ಯ, ಯಾವುದು ಊಹೆ ಎಂದು ತಿಳಿಯದೆ ಹೋಗುತ್ತದೆ. ಊಹಿಸುವುದು ತಪ್ಪಲ್ಲ. ಊಹೆಯಿಲ್ಲದೆ ವಿಜ್ಞಾನ ಮುನ್ನಡೆಯದು. ಊಹೆಗೆ ತಕ್ಕಂತೆ ಗೆರೆಯನ್ನು ಬಾಗಿಸುವುದು ಮಾತ್ರ ತಪ್ಪು.

ಮೆಡೋಸ್ ಟೇಲರನು 1876ರಲ್ಲಿ ತೀರಿಕೊಂಡನು. ತನ್ನ ಊಹೆ ಸುಳ್ಳಾಗುವುದೆಂದಾಗಲಿ, ತನ್ನ ಗೆರೆ ಉಳಿಯುವುದೆಂದಾಗಲಿ ಅವನಿಗೆ ತಿಳಿದಿರಲಿಲ್ಲ. ತನಗೆ ಸರಿಯೆಂದು ತೋರಿದ್ದನ್ನು ಅವನು ಮಾತಿನಲ್ಲಿ ಹೇಳಿದನು. ತನ್ನ ಕಣ್ಣಿಗೆ ಕಂಡದ್ದನ್ನು ಅದಕ್ಕೆ ಅಧೀನಗೊಳಿಸದೆ ಕಾಗದದ ಮೇಲೆ ಬರೆದನು. ಜೇವರ್ಗಿಯಲ್ಲಿ ಅವನು ಅಗೆಯಿಸಿದ ಗೋರಿಗಳನ್ನು ಅವನು ಕಂಡ ಸ್ಥಿತಿಯಲ್ಲಿ ಇನ್ನು ಯಾರೂ ಕಾಣಲಾರರು. ಅವನು ಬಿಟ್ಟುಹೋದ ಚಿತ್ರಗಳ ಮೂಲಕ ಮಾತ್ರ, ಸಾವಿರಾರು ವರ್ಷಗಳ ಹಿಂದೆ ಈ ನೆಲದ ಜನ ತಮ್ಮವರನ್ನು ಹೇಗೆ ಮಣ್ಣು ಮಾಡಿದರು, ಅವರ ಪಕ್ಕದಲ್ಲಿ ಯಾವ ಮಡಕೆಯನ್ನು ಇಟ್ಟರು ಎಂಬುದನ್ನು ಇಂದಿನವರು ಕಾಣಬಲ್ಲರು.